ಎರಡು ಸಲ ಬೀಸಿದ ಹಿಟ್ಟು

ಆಫೀಸಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಬೀಗದಕ್ಕ ಎಂದು. ಹೆಸರಿಟ್ಟವರು ಕೆಲಸ ಬಿಟ್ಟು ಹೋದರು, ಹೆಸರು ಉಳಿಯಿತು. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಆ ಚಿಕ್ಕ ಕಂಪನಿ ಬೇರೆಯವರಿಗೆ ವೆಬ್‌ಸೈಟುಗಳನ್ನು ಕಟ್ಟಿಕೊಡುತ್ತಿತ್ತು. ಕಟ್ಟಿದ್ದಕ್ಕೆಲ್ಲ ಒಂದು ಬಾಗಿಲು ಬೇಕಲ್ಲ: ಫೋನ್ ನಂಬರ್ ಹಾಕು, ಪಾಸ್‌ವರ್ಡ್ ಹಾಕು, ಒಳಗೆ ಬಾ. ಆ ಬಾಗಿಲು ಕೂರಿಸಿ ಬೀಗ ಜಡಿಯುವುದು ಅವಳ ಪಾಲಿಗೆ ಬಂದ ಕೆಲಸ. ಬೀಗ ತೆಗೆಯಲಾಗದೆ ಹೊರಗೆ ನಿಂತವರ ಫೋನ್ ಎತ್ತುವುದೂ ತನ್ನ ಕೆಲಸವೇ ಆದದ್ದು ಯಾವಾಗ ಎಂದು ಮಾತ್ರ ಅವಳಿಗೆ ತಿಳಿಯಲಿಲ್ಲ.

ಕೆಳಗೆ ಗಾಳಿ ತುಂಬುವ ಯಂತ್ರ ಶುರುವಾದರೆ ಮೇಲೆ ಅವಳ ಚಹಾ ಲೋಟದಲ್ಲಿ ಉಂಗುರಗಳು ಏಳುತ್ತಿದ್ದವು. ಆ ಉಂಗುರಗಳನ್ನು ನೋಡುತ್ತಾ, ಕಿವಿಗೂ ಹೆಗಲಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು, ಹೇಳಿದ್ದನ್ನೇ ಹೇಳುತ್ತಿದ್ದಳು.

"ಇಲ್ಲ ಸಾರ್, ನಿಮ್ಮ ಪಾಸ್‌ವರ್ಡ್ ಏನು ಅಂತ ನನಗೂ ಗೊತ್ತಿಲ್ಲ. ನೋಡೋಕೆ ಬರಲ್ಲ. ಹೊಸದು ಕಳಿಸ್ತೀನಿ."

"ಬೀಗ ಹಾಕಿದವರು ನೀವೇ ಅಲ್ವೇನಮ್ಮ?"

"ಬೀಗ ನಮ್ಮದು ಸಾರ್, ಬೀಗದ ಕೈ ನಿಮ್ಮದು."

ಈ ಫೋನುಗಳು ಹೆಚ್ಚಾಗಿ ಬರುತ್ತಿದ್ದದ್ದು ಒಂದು ಡಯಾಲಿಸಿಸ್ ಕೇಂದ್ರದ ರೋಗಿಗಳಿಂದ. ಮೂತ್ರಪಿಂಡ ಕೈಕೊಟ್ಟವರು ವಾರಕ್ಕೆ ಮೂರು ಸಲ ಅಲ್ಲಿಗೆ ಬಂದು, ಒರಗು ಕುರ್ಚಿಯಲ್ಲಿ ಕಾಲು ಚಾಚಿ, ತೋಳಿನಿಂದ ರಕ್ತವನ್ನು ಯಂತ್ರಕ್ಕೆ ಕೊಟ್ಟು, ತೊಳೆಸಿಕೊಂಡು ವಾಪಸು ಪಡೆಯುತ್ತಾರೆ. ಮುಂದಿನ ವಾರ ಯಾವ ಕುರ್ಚಿ, ಯಾವ ಹೊತ್ತು ಎಂಬುದನ್ನು ಶುಕ್ರವಾರ ಬೆಳಿಗ್ಗೆ ವೆಬ್‌ಸೈಟಿನಲ್ಲಿ ಅವರೇ ಆರಿಸಿಕೊಳ್ಳಬೇಕು. ಮೊದಲು ಬಂದವರಿಗೆ ಬೇಕಾದದ್ದು, ಕೊನೆಗೆ ಬಂದವರಿಗೆ ಉಳಿದದ್ದು. ಹಾಗಾಗಿ ಬೀಗದಕ್ಕನಿಗೆ ಶುಕ್ರವಾರದ ಬೆಳಿಗ್ಗೆ ಎಂದರೆ ತಲೆಯ ಮೇಲೆ ಕೈ ಹೊತ್ತು ಕೂರುವ ಬೆಳಿಗ್ಗೆ.

ಆ ಫೋನುಗಳಲ್ಲೊಂದು ಅವಳ ಮನೆಯಿಂದಲೇ ಬರುತ್ತಿತ್ತು.

"ಹಲೋ, ಬೀಗದಕ್ಕ ಇದ್ದಾರಾ?"

ಅದು ಅತ್ತೆ, ಗಂಡನ ತಾಯಿ. ಬೇಕೆಂದೇ ಹಾಗೆ ಕೇಳುವರು.

"ಹೇಳಿ ಅತ್ತೆ."

"ಪಾಸ್‌ವರ್ಡ್ ತಪ್ಪು ಅಂತಿದೆ ಕಣೇ ನಿನ್ನ ವೆಬ್‌ಸೈಟು."

"ಮತ್ತೆ ಮರೆತ್ರಾ?"

"ನಾನಾ? ಮರೆಯೋದಾ?" ಎಂದು ಅತ್ತೆ ನಗುತ್ತಿದ್ದರು. ಮೊದಮೊದಲು ನಗುತ್ತಿದ್ದರು.

ನಗಲು ಕಾರಣವಿತ್ತು. ಅತ್ತೆ ದುಡಿದದ್ದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ಒಂದರ ಪಕ್ಕ ಒಂದು ಎತ್ತರದ ಕುರ್ಚಿ, ಎದುರಿಗೆ ತೂತುತೂತಿನ ಹಲಗೆ, ಕಿವಿಗೆ ಹೆಡ್‌ಫೋನು, ಕೈಯಲ್ಲಿ ಪ್ಲಗ್ಗು ಕಟ್ಟಿದ ಹುರಿ. ಯಾರಿಗೆ ಯಾರು ಬೇಕೋ ಅವರ ತೂತಿಗೆ ಪ್ಲಗ್ಗು ಸಿಕ್ಕಿಸಿ "ಲೈನ್ ಕೊಟ್ಟಿದೀನಿ, ಮಾತಾಡಿ" ಎನ್ನುವುದು ಕೆಲಸ. ಊರಿನ ನಂಬರುಗಳೆಲ್ಲ ಬಾಯಿಪಾಠ. ಎಕ್ಸ್‌ಚೇಂಜ್ ಮುಚ್ಚಿತು, ಹಲಗೆಗಳನ್ನು ಗುಜರಿಗೆ ಹಾಕಿದರು, ನಂಬರುಗಳು ಮಾತ್ರ ಅತ್ತೆಯ ತಲೆಯಲ್ಲಿ ಉಳಿದವು. ಮಾತಿನ ನಡುವೆ ಯಾರಾದರೂ ಹಳೆಯ ಔಷಧಿ ಅಂಗಡಿಯ ಸುದ್ದಿ ಎತ್ತಿದರೆ ಸಾಕು, ಎಂದೋ ಬಾಗಿಲು ಹಾಕಿದ ಆ ಅಂಗಡಿಯ ನಂಬರನ್ನು ಅತ್ತೆ ಗುನುಗುತ್ತಿದ್ದರು. ಕೆಲವರು ಹಾಡು ಗುನುಗುವ ಹಾಗೆ.

ಎಕ್ಸ್‌ಚೇಂಜಿನಿಂದ ಉಳಿದದ್ದು ಇನ್ನೂ ಒಂದಿತ್ತು. ಮಾತು ಮುಗಿದ ಮೇಲೆ ಪ್ಲಗ್ಗು ಎಳೆಯಬೇಕು. ಎಳೆಯದೆ ಬಿಟ್ಟರೆ ಇನ್ನೊಬ್ಬರ ಲೈನು ಸಾಯುತ್ತದೆ. ಉಳಿದ ರೋಗಿಗಳು ವೆಬ್‌ಸೈಟಿನಲ್ಲಿ ಒಮ್ಮೆ ಒಳಗೆ ಹೋದರೆ ಹಾಗೇ ಫೋನನ್ನು ಜೇಬಿಗೆ ಹಾಕುವರು. ಮುಂದಿನ ವಾರ ತೆಗೆದರೆ ಬಾಗಿಲು ತೆರೆದೇ ಇರುತ್ತದೆ. ಅತ್ತೆ ಹಾಗಲ್ಲ. ಕೆಲಸ ಮುಗಿದೊಡನೆ ಲಾಗೌಟ್ ಗುಂಡಿ ಒತ್ತಿ, "ಪ್ಲಗ್ ಎಳೆದೆ" ಎಂದು ತಮಗೇ ಹೇಳಿಕೊಳ್ಳುವರು. ಪಾಸ್‌ವರ್ಡ್ ಉಳಿಸಿಕೊಳ್ಳಲೇ ಎಂದು ಫೋನು ಕೇಳಿದರೆ "ಬೇಡ" ಒತ್ತುವರು. "ನನ್ನ ನೆನಪನ್ನ ಇದರ ಹತ್ತಿರ ಯಾಕೆ ಅಡ ಇಡಲಿ?"

ಆ ಪಾಸ್‌ವರ್ಡ್ ಏನೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾರಿಗೂ ಹೇಳಬಾರದು ಎಂದು ಸೊಸೆಯೇ ಒಮ್ಮೆ ಹೇಳಿದ್ದಳು. ಅತ್ತೆ ಅದನ್ನು ಸೊಸೆಯ ಮೇಲೇ ಪ್ರಯೋಗಿಸಿದರು. ಹೊಸದರಲ್ಲಿ ಒಂದು ಸಂಜೆ ಅಡುಗೆಮನೆಯ ಮೇಜಿನ ಬಳಿ ಅತ್ತೆ ಕೇಳಿದ್ದರು.

"ನನ್ನ ಪಾಸ್‌ವರ್ಡು ನಿನ್ನ ಕಂಪ್ಯೂಟರಿನಲ್ಲಿ ಇರುತ್ತಲ್ಲ. ನೀನು ಕದ್ದು ನೋಡಲ್ಲ ಅಂತ ಏನು ಗ್ಯಾರಂಟಿ?"

"ಇರಲ್ಲ ಅತ್ತೆ. ಅದನ್ನ ಹಾಗೇ ಇಡಲ್ಲ ನಾವು. ಬೀಸಿ ಹಿಟ್ಟು ಮಾಡಿ ಇಡ್ತೀವಿ. ಹ್ಯಾಶ್ ಮಾಡೋದು ಅಂತಾರೆ. ಕಳ್ಳ ನುಗ್ಗಿದ್ರೂ ಸಿಗೋದು ಹಿಟ್ಟು. ಹಿಟ್ಟಿಂದ ಕಾಳು ಮಾಡೋಕಾಗುತ್ತಾ?"

"ಮತ್ತೆ ನಾನೇ ಬಂದಿದೀನಿ ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ?"

"ನೀವು ಬಂದು ಮತ್ತೆ ಕಾಳು ಕೊಡ್ತೀರಲ್ಲ, ಅದನ್ನೂ ಹಾಗೇ ಬೀಸ್ತೀವಿ. ಈ ಹಿಟ್ಟು ಆ ಹಿಟ್ಟು ಒಂದೇ ಆದ್ರೆ ನೀವೇ. ಬೀಸೋವಾಗ ಒಬ್ಬೊಬ್ಬರಿಗೆ ಒಂದೊಂದು ಥರದ ಉಪ್ಪೂ ಹಾಕ್ತೀವಿ, ಇಬ್ಬರ ಹಿಟ್ಟು ಒಂದೇ ಥರ ಆಗದ ಹಾಗೆ. ನಿಜವಾಗ್ಲೂ ಅದಕ್ಕೆ ಉಪ್ಪು ಅಂತಾನೇ ಹೆಸರು."

ಅತ್ತೆ ಸೊಸೆಯನ್ನು ದಿಟ್ಟಿಸಿ ನೋಡಿದರು. ಡಾಕ್ಟರು ಉಪ್ಪು ನಿಲ್ಲಿಸಿ ವರ್ಷಗಳಾಗಿದ್ದವು. ಉಪ್ಪಿನ ಡಬ್ಬಿಯನ್ನು ಅವರ ಕೈಗೆಟುಕದ ಮೇಲಿನ ಗೂಡಿನಲ್ಲಿ ಇಟ್ಟವಳು ಇದೇ ಸೊಸೆ.

"ಅತ್ತೆಗೆ ಒಂದು ಚಿಟಿಕೆ ಇಲ್ಲ, ಪಾಸ್‌ವರ್ಡಿಗೆ ಮಾತ್ರ ಉಪ್ಪು! ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತ ಸುಮ್ನೆ ಹೇಳಿದ್ದಾರಾ?"

ಇಬ್ಬರೂ ನಕ್ಕಿದ್ದರು. ಆಮೇಲೆ ಅಂಥ ನಗು ಆ ಮನೆಯಲ್ಲಿ ಕಡಿಮೆಯಾಗುತ್ತಾ ಬಂತು.

ಏಕೆಂದರೆ ಶುಕ್ರವಾರದ ಫೋನು ನಿಲ್ಲಲಿಲ್ಲ. ವೆಬ್‌ಸೈಟು ಪಾಸ್‌ವರ್ಡ್ ತಪ್ಪು ಎನ್ನುವುದು, ಅವಳು ಆಫೀಸಿನಿಂದ ತಾತ್ಕಾಲಿಕ ಪಾಸ್‌ವರ್ಡ್ ಕಳಿಸುವುದು, ಅತ್ತೆ ಒಳಗೆ ಹೋಗಿ ಮತ್ತೆ ತಮ್ಮದೇ ಹಳೆಯದನ್ನು ಇಟ್ಟುಕೊಳ್ಳುವುದು, ಕುರ್ಚಿ ಆರಿಸಿ, ತೂಕ ತುಂಬಿ, ಪ್ಲಗ್ಗು ಎಳೆಯುವುದು. ಮುಂದಿನ ಶುಕ್ರವಾರ ಮತ್ತೆ ಅದೇ. ಅಷ್ಟರಲ್ಲಿ ಕಿಟಕಿ ಪಕ್ಕದ ಕುರ್ಚಿ ಬೇರೆಯವರ ಪಾಲಾಗಿರುತ್ತಿತ್ತು. ಅತ್ತೆಗೆ ಆ ಕುರ್ಚಿಯೇ ಬೇಕು, ಬೆಳಗಿನ ಹೊತ್ತೇ ಬೇಕು. ಯಂತ್ರದಿಂದ ಎದ್ದ ಮೇಲೆ ದಿನದಲ್ಲಿ ಒಂದಿಷ್ಟಾದರೂ ತಮ್ಮದಾಗಿ ಉಳಿಯಲಿ ಎಂಬ ಆಸೆ. ಈಗ ಸಿಗುತ್ತಿದ್ದದ್ದು ಮಧ್ಯಾಹ್ನದ ಹೊತ್ತು, ಶೌಚಾಲಯದ ಬಾಗಿಲಿನ ಎದುರಿನ ಕುರ್ಚಿ. ಮನೆಗೆ ಬರುವಾಗ ಅತ್ತೆ ಹಿಂಡಿದ ಬಟ್ಟೆಯ ಹಾಗಿರುತ್ತಿದ್ದರು.

"ಹೋದ ವಾರ ಇಟ್ಟಿದ್ದನ್ನೇ ಹಾಕಿದೆ ಕಣೇ. ಅಕ್ಷರ ಅಕ್ಷರ ನೋಡಿ ಹಾಕಿದೆ."

"ಎಲ್ರೂ ಹಾಗೇ ಹೇಳ್ತಾರೆ ಅತ್ತೆ."

"ಎಲ್ರೂ ಹೇಳ್ತಾರೆ ಅಂದ್ರೆ ಎಲ್ರದೂ ನಿಜ ಇರಬಹುದಲ್ವಾ?"

ಆ ದಿನ ಅವಳ ಕಿವಿ ಕಾದಿತ್ತು, ಚಹಾ ಆರಿತ್ತು, ಇನ್ನೊಂದು ಲೈನಿನಲ್ಲಿ ಯಾರೋ ಕಾಯುತ್ತಿದ್ದರು. ಬಾಯಿಗೆ ಬಂದದ್ದನ್ನು ಅಂದುಬಿಟ್ಟಳು: "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ."

ಅತ್ತೆ ಫೋನ್ ಇಟ್ಟರು.

ಅವಳು ಕಂಪನಿಯ ಯಜಮಾನರ ಬಳಿ ಹೋಗಿ ದೂರಿದ್ದೂ ಉಂಟು. ಯಜಮಾನರಿಗೆ ಆಫೀಸಿನವರು ಇಟ್ಟ ಹೆಸರು ಸದ್ಯಕ್ಕೆ ಸಾಹೇಬರು. ಗಾಜಿನ ಗೂಡಿನಲ್ಲಿ ಕೂತು, ಯಾರು ಏನು ತಂದರೂ "ಸದ್ಯಕ್ಕೆ ಹೀಗೇ ಇರಲಿ" ಎನ್ನುವುದು ಅವರ ರೂಢಿ. ಆ ಕಚೇರಿಯ ಹಳೆಯ ಸಾಮಾನೆಲ್ಲ ಒಂದು ಕಾಲದ ಸದ್ಯಕ್ಕೆಗಳೇ.

"ಡಯಾಲಿಸಿಸ್‌ನವರ ಫೋನು ಜಾಸ್ತಿ ಆಗ್ತಿದೆ ಸಾರ್. ಪಾಸ್‌ವರ್ಡ್ ಭಾಗ ಒಂದು ಸಲ ಪೂರ್ತಿ ಬಿಚ್ಚಿ ನೋಡ್ತೀನಿ."

"ರೋಗಿಗಳ ವಯಸ್ಸು ನೋಡಿದ್ಯಾ? ನಮ್ಮಪ್ಪ ಕನ್ನಡಕ ತಲೆ ಮೇಲಿಟ್ಕೊಂಡು ಮನೆಯೆಲ್ಲ ಹುಡುಕ್ತಿದ್ರು. ವಯಸ್ಸಾದವರು, ಮರೀತಾರೆ. ಸದ್ಯಕ್ಕೆ ಹೊಸ ಪಾಸ್‌ವರ್ಡ್ ಕಳಿಸ್ತಾ ಇರು."

ಅವಳು ಒಪ್ಪಿದಳು. ಒಪ್ಪುವುದು ಸುಲಭವಾಗಿತ್ತು. ಬೇರೆ ಗಿರಾಕಿಗಳ ಕೆಲಸ ಮೇಜಿನ ಮೇಲೆ ಗುಡ್ಡೆ ಬಿದ್ದಿತ್ತು. ಮರೆವು ಎಂಬುದು ಎಂಥ ಅನುಕೂಲದ ಉತ್ತರ! ಹೇಳಿದವರಿಗೆ ಖರ್ಚಿಲ್ಲ, ಕೇಳಿಸಿಕೊಂಡವರಿಗೆ ಅಲ್ಲಗಳೆಯಲು ದಾರಿಯಿಲ್ಲ.

ಮನೆಯಲ್ಲಿ ಸುದ್ದಿ ಮೆಲ್ಲಗೆ ಹಬ್ಬಿತು. ಅವಳ ಗಂಡ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು, ಮೆದು ಮಾತಿನವನು. ಮರೆವಿನ ಕಾಯಿಲೆ ಇದೆಯೋ ಇಲ್ಲವೋ ನೋಡಲು ಗಡಿಯಾರ ಬರೆಯಲು ಹೇಳುತ್ತಾರೆ ಎಂದು ಎಲ್ಲಿಯೋ ಓದಿದ್ದ. ಒಂದು ಭಾನುವಾರ ಬಿಳಿ ಹಾಳೆ, ಪೆನ್ಸಿಲು ತಂದು ತಾಯಿಯ ಮುಂದಿಟ್ಟ.

"ಅಮ್ಮ, ಸುಮ್ನೆ ಒಂದು ಗಡಿಯಾರ ಬರಿ. ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸು."

ಅತ್ತೆ ಹಾಳೆ ನೋಡಿದರು, ಮಗನನ್ನು ನೋಡಿದರು, ಬಾಗಿಲ ಬಳಿ ನಿಂತಿದ್ದ ಸೊಸೆಯನ್ನು ನೋಡಿದರು.

"ನಿನಗೆ ಗಡಿಯಾರ ನೋಡೋದು ಕಲಿಸಿದ್ದು ಯಾರಪ್ಪಾ?"

"ನೀನೇ ಅಮ್ಮ. ಸುಮ್ನೆ ತಮಾಷೆಗೆ..."

"ಚಿಕ್ಕ ಮುಳ್ಳು ಯಾವುದು, ದೊಡ್ಡ ಮುಳ್ಳು ಯಾವುದು ಅಂತ ಕಲಿಯೋಕೆ ನೀನು ಒಂದು ಬೇಸಿಗೆ ರಜೆ ತಗೊಂಡೆ."

ಅವರು ಬರೆದರು. ಗೆರೆ ಸ್ವಲ್ಪ ನಡುಗಿತ್ತು, ಮುಳ್ಳುಗಳು ಸರಿಯಾಗಿದ್ದವು. ಮಗನ ಮುಖ ಅರಳಿತು. ಆದರೆ ಅತ್ತೆ ಹಾಳೆಯನ್ನು ಕೊಡಲಿಲ್ಲ. ನಾಲ್ಕು ಮಡಿಕೆ ಮಾಡಿ ಕೈಯಲ್ಲೇ ಹಿಡಿದುಕೊಂಡು ಒಳಗೆ ಹೋದರು. ತಮ್ಮ ಮೇಲೆ ಕಣ್ಣಿಡಲಾಗಿದೆ ಎಂದು ಅವರಿಗೆ ತಿಳಿದದ್ದು ಆ ದಿನ.

ಆಮೇಲಿನ ಶುಕ್ರವಾರವೂ ವೆಬ್‌ಸೈಟು ಬಾಗಿಲು ತೆಗೆಯಲಿಲ್ಲ. ಅತ್ತೆ ಆ ದಿನ ಆಫೀಸಿಗೆ ಫೋನ್ ಮಾಡಲಿಲ್ಲ. ಸಂಜೆ ಸೊಸೆ ಮನೆಗೆ ಬಂದಾಗ ಮೊಬೈಲನ್ನು ಅವಳ ಕೈಗೆ ಕೊಟ್ಟರು.

"ಇನ್ನು ಮೇಲೆ ನೀನೇ ಮಾಡು. ನನಗೆ ಆಗಲ್ಲ."

"ಅಯ್ಯೋ, ಅದಕ್ಯಾಕೆ ಅತ್ತೆ ಇಷ್ಟು..."

"ಇಲ್ಲ ಕಣೇ. ನೀವು ಹೇಳೋದು ಸರಿ ಇರಬೇಕು. ಪಾಸ್‌ವರ್ಡು ನೆನಪಿದೆ ಅಂತ ನನಗೆ ಅನ್ನಿಸುತ್ತೆ, ಆದ್ರೆ ನೆನಪಿರೋದು ತಪ್ಪು ಅಂತ ಅದು ಹೇಳುತ್ತೆ. ಎಷ್ಟು ಸಲ ಅಂತ ಜಗಳ ಆಡಲಿ ಅದರ ಜೊತೆ?"

ಮೊಬೈಲು ಕೊಟ್ಟ ಮೇಲೆ ಅನುಮಾನ ಅಲ್ಲಿಗೇ ನಿಲ್ಲಲಿಲ್ಲ, ಮನೆಯೊಳಗೆ ಓಡಾಡತೊಡಗಿತು. ಸ್ನಾನಕ್ಕೆ ಹೊರಟವರು ಅರ್ಧ ದಾರಿಯಲ್ಲಿ ತಿರುಗಿ "ಗ್ಯಾಸ್ ಆಫ್ ಮಾಡಿದ್ನಾ?" ಎನ್ನುವರು. ಮಾತ್ರೆ ನುಂಗಿ, ಮಾತ್ರೆಯ ಖಾಲಿ ಹಾಳೆಯನ್ನು ಬೆಳಕಿಗೆ ಹಿಡಿದು "ನುಂಗಿದ್ನಾ?" ಎನ್ನುವರು. ಹಳೆಯ ನಂಬರುಗಳನ್ನು ಗುನುಗುವುದು ನಿಂತಿತು. ಒಮ್ಮೆ ಗಂಡ ಬೇಕೆಂದೇ ಔಷಧಿ ಅಂಗಡಿಯ ಮಾತೆತ್ತಿದ. ಅತ್ತೆ ಬಾಯಿ ತೆರೆದು, ಮುಚ್ಚಿ, "ಗೊತ್ತಿಲ್ಲಪ್ಪ, ತಪ್ಪಾಗಿರುತ್ತೆ" ಎಂದರು. ಅವನು ಮಾರನೆಯ ದಿನವೇ ಮರೆವಿನ ಡಾಕ್ಟರ ಬಳಿ ಸಮಯ ಗೊತ್ತು ಮಾಡಿಕೊಂಡು ಬಂದ.

ಬೀಗದಕ್ಕನಿಗೆ ಎಲ್ಲರ ಮೇಲೂ ಸಿಟ್ಟು ಬರುತ್ತಿತ್ತು. ಅವಸರದ ಗಂಡನ ಮೇಲೆ, ಗಾಜಿನ ಗೂಡಿನ ಮೇಲೆ, ಹೇಳಿದ್ದು ಕೇಳಿಸಿಕೊಳ್ಳದ ರೋಗಿಗಳ ಮೇಲೆ. ಕೊನೆಗೆ ಅತ್ತೆಯ ಮೇಲೂ. ಇಷ್ಟು ಬೇಗ ಸೋಲೊಪ್ಪಿದರಲ್ಲ ಎಂದು. ಜಗಳವಾಡುತ್ತಿದ್ದ ಅತ್ತೆಯೊಡನೆ ಬದುಕುವುದು ಅವಳಿಗೆ ಗೊತ್ತಿತ್ತು. ಹೇಳಿದ್ದಕ್ಕೆಲ್ಲ ಹೂಂ ಎನ್ನುವ ಈ ಅತ್ತೆಯೊಡನೆ ಹೇಗೆ ಬದುಕಬೇಕೆಂದು ತಿಳಿಯುತ್ತಿರಲಿಲ್ಲ.

ಮುಂದಿನ ಶುಕ್ರವಾರ ಬೆಳಿಗ್ಗೆ ಅಡುಗೆಮನೆಯ ಮೇಜಿನ ಬಳಿ ಅವಳೇ ಅತ್ತೆಯ ಮೊಬೈಲು ಹಿಡಿದು ಕೂತಳು. ಹೊಸ ಪಾಸ್‌ವರ್ಡ್ ಇಟ್ಟಳು. ಅತ್ತೆ ನಗಲೆಂದು "ಉಪ್ಪುಬೇಡ" ಎಂದೇ ಇಂಗ್ಲಿಷ್ ಅಕ್ಷರಗಳಲ್ಲಿ ಇಟ್ಟು, ಗಟ್ಟಿಯಾಗಿ ಹೇಳಿದಳು. ಅತ್ತೆ ನಗಲಿಲ್ಲ. ಅವಳು ಕುರ್ಚಿ ಆರಿಸಿದಳು. ಕಿಟಕಿ ಪಕ್ಕದ್ದೇ ಸಿಕ್ಕಿತು. ಕೆಳಗೆ "ಈ ವಾರದ ತೂಕ" ಎಂಬ ಖಾನೆಯಿತ್ತು. ಡಯಾಲಿಸಿಸ್‌ನವರಿಗೆ ತೂಕವೆಂದರೆ ಮೈಯಲ್ಲಿ ನಿಂತ ನೀರಿನ ಲೆಕ್ಕ. ಎಲ್ಲರೂ ತುಂಬಿ ಎಂದು ಕೇಂದ್ರದ ಸಿಸ್ಟರ್ ಗೋಗರೆದರೂ ತುಂಬುತ್ತಿದ್ದವರು ಕೆಲವರೇ. ಅತ್ತೆ ಒಂದು ವಾರವೂ ಬಿಟ್ಟವರಲ್ಲ.

"ತೂಕ ಎಷ್ಟು ಅತ್ತೆ?"

ಅತ್ತೆ ತೂಕದ ಯಂತ್ರದ ಮೇಲೆ ಹತ್ತಿ, ಇಳಿದು, ಮತ್ತೆ ಹತ್ತಿ ನೋಡಿ ಹೇಳಿದರು. ಅವಳು ತುಂಬಿ, ಸೇವ್ ಒತ್ತಿ, ಏಳಹೊರಟಳು.

"ಪ್ಲಗ್ ಎಳೆದ್ಯಾ?"

ಅದೊಂದು ಮಾತಿನಲ್ಲಿ ಹಳೆಯ ಅತ್ತೆ ಇಣುಕಿದರು. ಅವಳು ಲಾಗೌಟ್ ಮಾಡಿದಳು.

ಅದರ ಮುಂದಿನ ಶುಕ್ರವಾರ ಅದೇ ಮೇಜು, ಅದೇ ಮೊಬೈಲು. ಅತ್ತೆಯ ನಂಬರ್ ಹಾಕಿದಳು. ಉಪ್ಪುಬೇಡ ಎಂದು ಒತ್ತಿದಳು.

ಪಾಸ್‌ವರ್ಡ್ ತಪ್ಪಾಗಿದೆ.

ಬೆರಳು ಜಾರಿರಬೇಕು ಎಂದುಕೊಂಡಳು. ಮತ್ತೆ ಒತ್ತಿದಳು. ತಪ್ಪಾಗಿದೆ. ಮೊದಲ ಅಕ್ಷರವನ್ನು ದೊಡ್ಡದು ಮಾಡಿದ್ದೆನೇ? ಕೊನೆಯಲ್ಲಿ ಅಂಕಿ ಸೇರಿಸಿದ್ದೆನೇ? ಹಾಗೆ ಹಾಕಿದಳು, ಹೀಗೆ ಹಾಕಿದಳು. ತಪ್ಪಾಗಿದೆ, ತಪ್ಪಾಗಿದೆ. ಒಂದು ಗಳಿಗೆ ಅವಳಿಗೂ ಅನ್ನಿಸಿತು: ನಾನು ಇಟ್ಟದ್ದು ಅದೇ ತಾನೇ? ಬೇರೆ ಏನಾದರೂ ಇಟ್ಟು ಇದನ್ನು ಅತ್ತೆಗೆ ಬಾಯಿಮಾತಿಗೆ ಹೇಳಿದೆನೇ?

ಹಾಗೆ ಅನ್ನಿಸಿದ್ದೇ ಅವಳು ಮೊಬೈಲನ್ನು ಮೇಜಿನ ಮೇಲಿಟ್ಟಳು. ಅತ್ತೆ ವಾರವಾರವೂ ಇದೇ ಮೇಜಿನ ಬಳಿ ಕೂತು, ಒಬ್ಬರೇ, ಹೀಗೆಯೇ ತಡಕಾಡಿದ್ದರು. ಅವಳು ಎದುರಿಗೆ ನೋಡಿದಳು. ಅತ್ತೆ ಅವಳ ಬೆರಳುಗಳನ್ನೇ ನೋಡುತ್ತಿದ್ದರು.

"ನೀನೂ ಮರೆತ್ಯಾ?" ಎಂದರು. ಅದರಲ್ಲಿ ಕುಹಕ ಇರಲಿಲ್ಲ. ಕರುಣೆ ಇತ್ತು. ಅದೇ ಹೆಚ್ಚು ಚುಚ್ಚಿತು.

ಆಫೀಸಿನ ಮೆಟ್ಟಿಲು ಹತ್ತಿದವಳು ಚೀಲ ಇಡುವ ಮೊದಲೇ ಕಂಪ್ಯೂಟರು ತೆರೆದಳು. ಯೂಸರ್ ಮಾಡೆಲ್ ಎಂಬುದು ಒಂದು ಕಡತ. ಈ ವೆಬ್‌ಸೈಟಿನ ಮಟ್ಟಿಗೆ ಒಬ್ಬ ಮನುಷ್ಯ ಎಂದರೆ ಏನು ಎಂದು ಅದರಲ್ಲಿ ಬರೆದಿರುತ್ತದೆ: ಹೆಸರು, ಫೋನ್ ನಂಬರ್, ಪಾಸ್‌ವರ್ಡಿನ ಹಿಟ್ಟು. ಅವಳೇ ಎಂದೋ ಬರೆದದ್ದು. ಎಲ್ಲರ ಫೋನನ್ನೂ ಎತ್ತಿದವಳು ಈ ಕಡತವನ್ನು ತೆರೆದು ಎಷ್ಟು ಕಾಲವಾಗಿತ್ತೋ. ಓದುತ್ತಾ ಹೋದಳು. ನಡುವೆ ಒಂದು ಪುಟ್ಟ ಆಜ್ಞೆ: ಈ ಮನುಷ್ಯನ ವಿವರ ಸೇವ್ ಆಗುವ ಮೊದಲು ಪಾಸ್‌ವರ್ಡನ್ನು ಹ್ಯಾಶ್ ಮಾಡು.

ಅಷ್ಟೇ ಇತ್ತು. "ಪಾಸ್‌ವರ್ಡ್ ಬದಲಾಗಿದ್ದರೆ ಮಾತ್ರ" ಎಂಬ ಮಾತು ಅಲ್ಲಿರಲಿಲ್ಲ.

ಕುರ್ಚಿಯ ಬೆನ್ನಿಗೆ ಒರಗಿದಳು. ಕೆಳಗೆ ಗಾಳಿಯಂತ್ರ ಶುರುವಾಯಿತು. ಬರೆದ ಕಾಲಕ್ಕೆ ಅದು ತೊಂದರೆ ಕೊಡಲಿಲ್ಲ. ಆಗ ಪಾಸ್‌ವರ್ಡ್ ಇಡುವಾಗ ಬಿಟ್ಟರೆ ಆ ವಿವರವನ್ನು ಯಾರೂ ಮುಟ್ಟುತ್ತಿರಲಿಲ್ಲ. ಆಮೇಲೆ ಡಯಾಲಿಸಿಸ್‌ನವರು ತೂಕದ ಖಾನೆ ಬೇಕೆಂದರು. ಅದಕ್ಕೆ ಬೇರೆಯೇ ಜಾಗ ಮಾಡಬೇಕು ಎಂದು ಅವಳು ಹೇಳಿದ್ದಳು. "ಒಂದು ಖಾನೆಗೆ ಅಷ್ಟೆಲ್ಲ ಯಾಕೆ? ಸದ್ಯಕ್ಕೆ ಯೂಸರ್ ಜೊತೆಗೇ ಸೇರಿಸು" ಎಂದರು ಸಾಹೇಬರು. ಸೇರಿಸಿದಳು. ತೂಕ ತುಂಬಿ, ಸೇವ್ ಒತ್ತಿ, ತೂಕ ಉಳಿಯಿತೇ ಎಂದು ನೋಡಿದಳು. ಉಳಿದಿತ್ತು. ಹೊರಗೆ ಹೋಗಿ ಮತ್ತೆ ಬಾಗಿಲು ತಟ್ಟಿ ನೋಡಲಿಲ್ಲ.

ಅಂದಿನಿಂದ ತೂಕ ಸೇವ್ ಆದಾಗಲೆಲ್ಲ ಪಾಸ್‌ವರ್ಡಿನ ಹಿಟ್ಟನ್ನು ಕಾಳೆಂದು ತಿಳಿದು ಯಂತ್ರ ಮತ್ತೆ ಬೀಸುತ್ತಿತ್ತು. ಮುಂದಿನ ವಾರ ಬಂದವರು ಸರಿಯಾದ ಕಾಳನ್ನೇ ಕೊಡುತ್ತಿದ್ದರು. ಒಂದು ಸಲ ಬೀಸಿದ ಹಿಟ್ಟು ಎರಡು ಸಲ ಬೀಸಿದ್ದಕ್ಕೆ ಹೇಗೆ ಹೊಂದೀತು? ತೂಕ ತುಂಬದ ಸೋಮಾರಿಗಳಿಗೆ ಏನೂ ಆಗಲಿಲ್ಲ. ತುಂಬಿಯೂ ಲಾಗೌಟ್ ಮಾಡದವರಿಗೆ ಗೊತ್ತೇ ಆಗಲಿಲ್ಲ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿ, ಪ್ಲಗ್ಗು ಎಳೆದು ಹೋದವರಿಗೆ ಮಾತ್ರ ವೆಬ್‌ಸೈಟು ವಾರವಾರವೂ ಹೇಳಿತು: ನಿನಗೆ ಮರೆವು.

ಒಂದು ಸಾಲು. ಚಹಾ ಆರುವ ಮೊದಲೇ ಬರೆದು ಮುಗಿಸಿದಳು. ಈ ಸಲ ತೂಕ ತುಂಬಿ, ಹೊರಗೆ ಹೋಗಿ, ಬಾಗಿಲು ತಟ್ಟಿದಳು. ತೆರೆಯಿತು. ಖುಷಿಯಾಗಲಿಲ್ಲ. ಮೇಜನ್ನು ಗುದ್ದಬೇಕೆನ್ನಿಸಿತು. ಗುದ್ದಿದಳು. ಪಕ್ಕದ ಮೇಜಿನವರು ತಿರುಗಿ ನೋಡಿದರು.

"ಸರಿ ಹೋಯ್ತಲ್ಲ, ಮತ್ತೇನು?" ಎಂದರು ಸಾಹೇಬರು, ಎಲ್ಲ ಕೇಳಿದ ಮೇಲೆ.

"ಈಗಾಗಲೇ ಎರಡೆರಡು ಸಲ ಹ್ಯಾಶ್ ಆಗಿರೋದನ್ನ ವಾಪಸ್ ತರೋಕಾಗಲ್ಲ ಸಾರ್. ಅವರೆಲ್ಲ ಹೊಸ ಪಾಸ್‌ವರ್ಡ್ ಇಡಬೇಕು. ಯಾಕೆ ಅಂತ ಹೇಳಬೇಕು."

"ಭದ್ರತೆಯ ದೃಷ್ಟಿಯಿಂದ ಅಂತ ಮೆಸೇಜ್ ಹಾಕು."

"ಅದು ಸುಳ್ಳು ಸಾರ್. ತಪ್ಪು ನಮ್ಮದು, ಅವರು ಮರೆತಿಲ್ಲ ಅಂತ ಹಾಕೋಣ."

"ಏನು, ನಾವೇ ಕೈಯಾರೆ ಬರೆದು ಕೊಡೋದಾ? ಕೇಂದ್ರದವರು ಓದಿದ್ರೆ ಮುಂದಿನ ಸಲ ಕೆಲಸ ಬೇರೆಯವರಿಗೆ. ಆಮೇಲೆ ನಮ್ಮ ಬಾಗಿಲಿಗೇ ಬೀಗ, ಬೀಗದಕ್ಕ." ತಮ್ಮ ಮಾತಿಗೆ ತಾವೇ ನಕ್ಕರು. "ಯಾರಿಗೇನು ನಷ್ಟ ಆಗಿದೆ ಹೇಳು? ಒಂದು ಹೊಸ ಪಾಸ್‌ವರ್ಡು. ಸದ್ಯಕ್ಕೆ ಹೀಗೇ ಹೋಗಲಿ."

ಯಾರಿಗೇನು ನಷ್ಟ ಎಂಬುದಕ್ಕೆ ಉತ್ತರ ಅವಳ ನಾಲಗೆಯ ತುದಿಯಲ್ಲಿತ್ತು. ಅದು ಖಾಲಿ ಮಾತ್ರೆಹಾಳೆಯನ್ನು ಬೆಳಕಿಗೆ ಹಿಡಿಯುವ ಒಂದು ಕೈ. ಅದನ್ನು ಗಾಜಿನ ಗೂಡಿನೊಳಗೆ ಹೇಗೆ ಹೇಳುವುದೋ ತಿಳಿಯದೆ ಹೊರಗೆ ಬಂದಳು. ಮೆಸೇಜು ಸಾಹೇಬರು ಹೇಳಿದಂತೆಯೇ ಹೋಯಿತು.

ಊಟದ ಹೊತ್ತಿಗೆ ಮನೆಗೆ ನಡೆದಳು. ಅತ್ತೆ ಒಗೆದ ಬಟ್ಟೆ ಮಡಿಸುತ್ತಿದ್ದರು. ಅವಳು ಎದುರಿಗೆ ಕೂತು, ಹಿಟ್ಟು, ಕಾಳು, ತೂಕ, ಪ್ಲಗ್ಗು ಎಲ್ಲವನ್ನೂ ಹೇಳಿದಳು. ಅತ್ತೆ ಒಂದು ದಿಂಬಿನ ಚೀಲವನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು.

"ಅಂದ್ರೆ ನಾನು ಮರೆತಿರಲಿಲ್ಲ."

"ಇಲ್ಲ ಅತ್ತೆ."

"ಒಂದು ಸಲಾನೂ?"

"ಒಂದು ಸಲಾನೂ ಇಲ್ಲ."

ಅತ್ತೆಯ ಮುಖದಲ್ಲಿ ಸಂತೋಷ ಬರುತ್ತದೆಂದು ಅವಳು ಕಾದಳು. ಬಂದದ್ದು ಸಿಟ್ಟು, ಕಿವಿಯ ತುದಿಯಿಂದ ಮೆಲ್ಲಗೆ ಇಳಿದು ಬಂದ ಕೆಂಪು.

"ಎಕ್ಸ್‌ಚೇಂಜಲ್ಲಿ ಯಾರಾದ್ರೂ ಲೈನ್ ಸಿಗ್ತಿಲ್ಲ ಅಂದ್ರೆ ಮೊದಲು ನಮ್ಮ ಹುರಿ ನೋಡ್ಕೋತಿದ್ವಿ. ನಂಬರ್ ತಪ್ಪು ಹೇಳ್ತಿದೀರ ಅಂತ ಮೊದಲೇ ಅನ್ನುತ್ತಿರಲಿಲ್ಲ. ನೀನು ನಿನ್ನ ಹುರಿ ನೋಡ್ಕೊಳ್ಳಲಿಲ್ಲ ಕಣೇ. ನನ್ನ ತಲೆ ನೋಡಿದೆ."

ತಪ್ಪಾಯಿತು ಎಂದಳು ಅವಳು. ಅತ್ತೆ ಮಡಿಸಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದರು. ಸಂಜೆ ಮಗ ಬಂದು ಎಲ್ಲ ಕೇಳಿ, ಡಾಕ್ಟರ ಭೇಟಿ ರದ್ದು ಮಾಡಲೇ ಎಂದ. "ಬೇಡ ಬಿಡು, ಅವರಿಗೂ ಒಂದು ಗಡಿಯಾರ ಬರೆದುಕೊಟ್ಟು ಬರ್ತೀನಿ" ಎಂದರು. ಆದರೂ ಮಲಗಲು ಹೊರಟವರು ಅಡುಗೆಮನೆಗೆ ತಿರುಗಿ ಹೋಗಿ ಗ್ಯಾಸಿನ ಗುಬಟು ಮುಟ್ಟಿ ನೋಡಿದರು. ಅವಳು ಅದನ್ನು ನೋಡಿದಳು. ಮಾಡೆಲ್ಲಿನ ಸಾಲು ಸರಿಹೋಗಿತ್ತು. ಅತ್ತೆಗೆ ತಮ್ಮ ಮೇಲಿದ್ದ ನಂಬಿಕೆ ಮಾತ್ರ ಹಿಟ್ಟಾಗಿಯೇ ಉಳಿದಿತ್ತು.

ಮರುದಿನ ಬೆಳಿಗ್ಗೆ ಡಯಾಲಿಸಿಸ್. ಅವಳೇ ಜೊತೆಗೆ ಹೋದಳು. ಉದ್ದದ ಕೋಣೆ, ಎರಡು ಸಾಲು ಕುರ್ಚಿ, ಯಂತ್ರಗಳ ಮೆಲುದನಿ. ಅತ್ತೆಯ ಪಕ್ಕದ ಕುರ್ಚಿಯಲ್ಲಿ ಟೈಲರ್ ಇದ್ದರು. ಕತ್ತರಿ ಹಿಡಿದು ಹಿಡಿದು ಹೆಬ್ಬೆರಳು ಬಾಗಿದ ಮುದುಕರು. ಅವರ ಮೊಬೈಲನ್ನು ಮಗಳು ಇಸಿದುಕೊಂಡಿದ್ದಾಳೆ ಎಂದು ಅತ್ತೆ ದಾರಿಯಲ್ಲಿ ಹೇಳಿದ್ದರು.

"ಮೆಸೇಜ್ ಬಂತಂತಾ?" ಅತ್ತೆ ಕೇಳಿದರು.

"ಬಂತಂತೆ ಕಣಮ್ಮ. ಭದ್ರತೆ ಅದು ಇದು ಅಂತ. ಮಗಳೇ ನೋಡ್ಕೋತಾಳೆ. ನನಗೆ ಬಿಡಿ, ತಲೆ ನಿಲ್ಲಲ್ಲ."

ಅತ್ತೆ ಸೊಸೆಯ ಕಡೆ ತಿರುಗಿದರು. "ಆ ಮೆಸೇಜಲ್ಲಿ ಇವರು ಮರೆತಿಲ್ಲ ಅಂತ ಎಲ್ಲಿದೆ?"

"ಇಲ್ಲ ಅತ್ತೆ. ಹೇಳಬೇಡ ಅಂದಿದಾರೆ." ದನಿ ತಗ್ಗಿಸಿದಳು. "ಹೇಳಿದ್ರೆ ನನ್ನ ಕೆಲಸಕ್ಕೇ..."

ಅತ್ತೆ ಸೂಜಿ ಚುಚ್ಚದ ಕೈಯಿಂದ ಕುರ್ಚಿಯ ಹಿಡಿಯನ್ನು ತಟ್ಟಿದರು. ಅವರ ಬಾಯಿಂದ ಹೊರಟ ದನಿ ಮನೆಯಲ್ಲಿ ಯಾರೂ ಕೇಳಿದ್ದಲ್ಲ. ಹೆಡ್‌ಫೋನಿನೊಳಗಿನ, ಸ್ಪಷ್ಟ, ನೇರ ದನಿ.

"ಎಲ್ರೂ ಸ್ವಲ್ಪ ಈ ಕಡೆ ಕೇಳಿ. ವೆಬ್‌ಸೈಟು ಪಾಸ್‌ವರ್ಡು ಮರೆತಿದೀರ ಅಂತ ಯಾರ್‍ಯಾರಿಗೆ ಹೇಳಿತ್ತೋ ಅವರೆಲ್ಲ ಕೇಳಿ."

"ಅಜ್ಜಿ, ಬಿಪಿ ಏರುತ್ತೆ," ಎಂದು ಸಿಸ್ಟರ್ ಓಡಿ ಬಂದರು.

"ಏರಲಿ." ಅತ್ತೆ ಸೊಸೆಗೆ ಹೇಳಿದರು: "ಲೈನ್ ಕೊಟ್ಟಿದೀನಿ. ಮಾತಾಡು."

ಎರಡು ಸಾಲು ತಲೆಗಳು ಅವಳತ್ತ ತಿರುಗಿದ್ದವು. ತಿರುಗಲಾರದವರು ಕಣ್ಣು ಮಾತ್ರ ಹೊರಳಿಸಿದ್ದರು. ಇವರಲ್ಲಿ ಬಹಳ ಜನರ ದನಿ ಅವಳಿಗೆ ಗೊತ್ತು, ಮುಖ ಗೊತ್ತಿರಲಿಲ್ಲ. ಚೀಲದ ಪಟ್ಟಿಯನ್ನು ಬಿಗಿಯಾಗಿ ಹಿಡಿದಳು.

"ವೆಬ್‌ಸೈಟಿನಲ್ಲಿ ತಪ್ಪಿತ್ತು," ಎಂದಳು. "ತೂಕ ತುಂಬಿದವರ ಪಾಸ್‌ವರ್ಡ್ ಕೆಡ್ತಿತ್ತು. ನೀವು ಸರಿಯಾಗೇ ಹಾಕಿದ್ರಿ. ಅದನ್ನ ಬರೆದವಳು ನಾನು. ಮರೆತಿದೀರ ಅಂತ ಫೋನಲ್ಲಿ ಹೇಳಿದವಳೂ ನಾನೇ."

ಕೊನೆಯ ಕುರ್ಚಿಯಿಂದ ಯಾರೋ "ನಾನು ಹೇಳಲಿಲ್ವಾ!" ಎಂದರು, ಯಾರಿಗೆ ಎಂದು ತಿಳಿಯಲಿಲ್ಲ. ಇನ್ನೊಬ್ಬರು ಬೈದರು. ಅವಳು ಬೈಸಿಕೊಂಡು ನಿಂತಳು.

"ನೆಲಾನೇ ಡೊಂಕಿತ್ತಂತೆ ಕಣಪ್ಪ," ಎಂದರು ಅತ್ತೆ ಟೈಲರಿಗೆ, ಸೊಸೆಯ ಕಡೆ ನೋಡದೆ.

ಟೈಲರ್ ಅತ್ತೆಯ ಕಡೆ ಹೊರಳಿದರು. "ಹಾಗಾದ್ರೆ ಮೊನ್ನೆ ಕನ್ನಡಕ ಎಲ್ಲಿಟ್ಟೆ ಅಂತ ಗೊತ್ತಾಗದೆ ಮನೆಯೆಲ್ಲ ಹುಡುಕಿದ್ನಲ್ಲಮ್ಮ, ಅದು?"

"ಅದು ನೀವೇ ಮರೆತಿದ್ದು," ಎಂದರು ಅತ್ತೆ. "ಎಲ್ಲಾನೂ ಅವಳ ತಲೆಗೆ ಕಟ್ಟಬೇಡಿ."

ಟೈಲರ್ ನಕ್ಕರು, ನಗುತ್ತಲೇ ಸಿಸ್ಟರನ್ನು ಕರೆದು, ಮಗಳಿಗೆ ಫೋನ್ ಮಾಡಿ ಮೊಬೈಲು ತರಲು ಹೇಳಿ ಎಂದರು. ಸೋಮವಾರ ಗಾಜಿನ ಗೂಡಿನಲ್ಲಿ ಏನು ಕಾದಿದೆಯೋ ಎಂದು ಬೀಗದಕ್ಕ ಯೋಚಿಸಿದಳು. ಇಲ್ಲಿಂದ ಸುದ್ದಿ ಅಲ್ಲಿಗೆ ಹೋಗಲು ಹೆಚ್ಚು ಹೊತ್ತು ಬೇಡ. ಅವಳು ಸ್ಟೂಲು ಎಳೆದುಕೊಂಡು ಅತ್ತೆಯ ಪಕ್ಕ ಕೂತಳು.

ಅತ್ತೆ ಕೈ ಚಾಚಿದರು. "ಕೊಡು."

ಅವಳು ಮೊಬೈಲು ಕೊಟ್ಟಳು. ಕಳಿಸಿದ್ದ ತಾತ್ಕಾಲಿಕ ಪಾಸ್‌ವರ್ಡಿನಿಂದ ಅತ್ತೆ ಒಂದೇ ಕೈಯಲ್ಲಿ, ನಿಧಾನವಾಗಿ ಒಳಗೆ ಹೋದರು, ಹಳೆಯದನ್ನೇ ಮತ್ತೆ ಇಟ್ಟರು, ಬೆಳಗಿನ ತೂಕ ತುಂಬಿದರು, ಸೇವ್ ಒತ್ತಿದರು, ಪ್ಲಗ್ಗು ಎಳೆದರು. ಆಮೇಲೆ ಮತ್ತೆ ಬಾಗಿಲಿಗೆ ಬಂದು ತಮ್ಮ ನಂಬರ್ ಹಾಕಿದರು. ಪಾಸ್‌ವರ್ಡಿನ ಖಾನೆಯ ಮೇಲೆ ಹೆಬ್ಬೆರಳು ನಿಂತಿತು.

ಸೊಸೆ ಬಗ್ಗಿ ನೋಡುತ್ತಿರುವುದು ಕಂಡು ಅತ್ತೆ ಮೊಬೈಲನ್ನು ಎದೆಗೆ ಒತ್ತಿಕೊಂಡರು.

"ಆ ಕಡೆ ನೋಡು," ಎಂದರು.

ಅವಳು ಕಿಟಕಿಯ ಕಡೆ ತಿರುಗಿದಳು.